ಸ್ನೇಹದೊಳಗಿನ ಎಣ್ಣೆ

ಸನ್ಮಾನದ ಬಿನ್ನವತ್ತಳೆಯಲ್ಲಿ, ಬೀಳ್ಕೊಡುಗೆ ಭಾಷಣದಲ್ಲಿ, ತೀರಿಕೊಂಡವರ ಬಗ್ಗೆ ಪತ್ರಿಕೆಯಲ್ಲಿ ಬರುವ ನಾಲ್ಕು ಸಾಲುಗಳಲ್ಲಿ ತಪ್ಪದೆ ಕಾಣುವ ಒಂದು ಪದವಿದೆ: ಸ್ನೇಹಜೀವಿ. 'ಸರಳರು, ಸಜ್ಜನರು, ಸ್ನೇಹಜೀವಿಗಳು' ಎಂದು ಮೂರು ಪದಗಳು ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳ ಹಾಗೆ ಒಟ್ಟಿಗೇ ಬರುವುದೂ ಉಂಟು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೈಸ್ಕೂಲಿನ ಮಕ್ಕಳಿಗೆ ಕನ್ನಡ ಹೇಳಿಕೊಟ್ಟ ನಾನು ಈ ಪದವನ್ನು ಎಷ್ಟು ಬಾರಿ ಬರೆಸಿದ್ದೇನೋ, ಎಷ್ಟು ಬಾರಿ ತಿದ್ದಿದ್ದೇನೋ ಲೆಕ್ಕವಿಲ್ಲ. ಬಳಸಿ ಬಳಸಿ ಸವೆದ ನಾಣ್ಯದಂತಾಗಿ ಅದರ ಮೇಲಿನ ಮುದ್ರೆಯೇ ನಮಗೀಗ ಕಾಣುವುದಿಲ್ಲ.

ಸ್ನೇಹಜೀವಿ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಯಾರು? ಮದುವೆ ಮನೆಯಲ್ಲಿ ಎಲ್ಲರನ್ನೂ ಹೆಸರು ಹಿಡಿದು ಮಾತನಾಡಿಸುವವರು. ರೈಲಿನಲ್ಲಿ ಅರಸೀಕೆರೆ ದಾಟುವುದರೊಳಗೆ ಎದುರಿನ ಸೀಟಿನವರ ಊರು, ಕೇರಿ, ಮಗಳ ಓದು ಎಲ್ಲವನ್ನೂ ತಿಳಿದುಕೊಂಡಿರುವವರು. ನಗು, ಮಾತು, ಹೆಗಲ ಮೇಲೆ ಕೈ. ಅಂಥವರಿದ್ದರೆ ಮನೆ ತುಂಬಿದಂತಿರುತ್ತದೆ, ನಿಜ. ಆದರೆ ಈ ಪದಕ್ಕೆ ಇಷ್ಟೇ ಅರ್ಥವೇ?

ಈ ಪ್ರಶ್ನೆ ನನ್ನನ್ನು ಕಾಡಲು ಕಾರಣ ನಮ್ಮ ಬೀದಿಯ ಒಂದು ಹುಡುಗಿ. ಎಂಟನೆಯ ತರಗತಿ. ಅಂಕಗಳಿಗೇನೂ ಕೊರತೆಯಿಲ್ಲ. ಆದರೆ ಪ್ರಗತಿಪತ್ರದ ಕೊನೆಯಲ್ಲಿ 'ಸಹಪಾಠಿಗಳೊಡನೆ ಬೆರೆಯುವುದಿಲ್ಲ' ಎಂದು ಶಿಕ್ಷಕರು ಬರೆದಿದ್ದರು. ಅವಳ ತಾಯಿ ಆ ಹಾಳೆಯನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದರು. 'ಇವಳನ್ನು ವ್ಯಕ್ತಿತ್ವ ವಿಕಸನದ ಕ್ಲಾಸಿಗೆ ಸೇರಿಸಲೇ? ಮುಂದೆ ಹೇಗೆ ಬದುಕುತ್ತಾಳೆ ಸಾರ್?' ಎಂದು ಕೇಳಿದರು. ಹುಡುಗಿ ಪಕ್ಕದಲ್ಲೇ ನಿಂತು ನೆಲ ನೋಡುತ್ತಿದ್ದಳು. ಅವಳಿಗೆ ಅರ್ಥವಾಗಿದ್ದು ಒಂದೇ: ತನ್ನಲ್ಲಿ ಏನೋ ಕೊರತೆಯಿದೆ, ಅದನ್ನು ಈಗ ಊರಿಗೆಲ್ಲ ತೋರಿಸಲಾಗುತ್ತಿದೆ.

ಮೇಷ್ಟರಾದವನಿಗೆ ಉತ್ತರ ತೋಚದಿದ್ದಾಗ ಇರುವ ದಾರಿ ನಿಘಂಟು ತೆಗೆಯುವುದು. ನಾನೂ ಅದನ್ನೇ ಮಾಡಿದೆ.

'ಸ್ನೇಹ' ಸಂಸ್ಕೃತದ ಪದ. ಅದರ ಧಾತು 'ಸ್ನಿಹ್'. ಅಂಟುವುದು, ಜಿಡ್ಡಾಗಿರುವುದು, ಪ್ರೀತಿ ತೋರುವುದು ಎಂದೆಲ್ಲ ಅದಕ್ಕೆ ಅರ್ಥ. ಸ್ನೇಹವೆಂದರೆ ಎಣ್ಣೆ, ಜಿಡ್ಡು. ಸ್ನೇಹವೆಂದರೆ ಪ್ರೀತಿ, ಗೆಳೆತನ. ಎರಡೂ ಅದೇ ಪದದ ಅರ್ಥಗಳು. 'ಸ್ನಿಗ್ಧ' ಎಂಬ ಮಾತೂ ಇದೇ ಮನೆಯದು. ಎಣ್ಣೆ ಸವರಿದ ನುಣುಪಾದ ವಸ್ತುವೂ ಸ್ನಿಗ್ಧ, ಅಕ್ಕರೆ ತುಂಬಿದ ನೋಟವೂ ಸ್ನಿಗ್ಧ. (ಈಗಿನ ಹುಡುಗರ ಬಾಯಲ್ಲಿ 'ಎಣ್ಣೆ'ಗೆ ಬೇರೆಯೇ ಅರ್ಥ ಬಂದಿದೆ. ಇಲ್ಲಿ ಹೇಳುತ್ತಿರುವುದು ಅಡುಗೆಮನೆಯ ಎಣ್ಣೆಯ ಮಾತು ಎಂದು ಮೊದಲೇ ತಿಳಿಸಿಬಿಡುತ್ತೇನೆ.)

ಆಯುರ್ವೇದದವರನ್ನು ಕೇಳಿ ನೋಡಿ. ಅವರಿಗೆ ಸ್ನೇಹವೆಂದರೆ ಇಂದಿಗೂ ಎಣ್ಣೆಯೇ. ತುಪ್ಪ, ಎಣ್ಣೆ, ವಸೆ, ಮಜ್ಜೆ ಎಂದು ನಾಲ್ಕು ಮುಖ್ಯ ಸ್ನೇಹಗಳನ್ನು ಅವರು ಎಣಿಸುತ್ತಾರೆ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಇದಕ್ಕೆಂದೇ ಒಂದು ಅಧ್ಯಾಯವಿದೆ. ಪಂಚಕರ್ಮ ಚಿಕಿತ್ಸೆಗೆ ಮೊದಲು ಮಾಡುವ ಕೆಲಸದ ಹೆಸರು 'ಸ್ನೇಹನ'. ಆಮೇಲೆ 'ಸ್ವೇದನ', ಎಂದರೆ ಬೆವರಿಸುವುದು. ಒಣಗಿ ಬಿಗಿದುಕೊಂಡ ಮೈಯನ್ನು ಮೊದಲು ಎಣ್ಣೆಯಿಂದ ಮೆದುವಾಗಿಸಿಕೊಂಡು ಆಮೇಲೆ ಮುಂದಿನ ಚಿಕಿತ್ಸೆ. ಸ್ನಿಗ್ಧಕ್ಕೆ ಅವರು ಹೇಳುವ ವಿರುದ್ಧ ಪದ 'ರೂಕ್ಷ'. ಚರ್ಮ ರೂಕ್ಷವಾಗಿದೆ ಎನ್ನುತ್ತೇವೆ, ಮಾತು ರೂಕ್ಷವಾಗಿದೆ ಎಂದೂ ಎನ್ನುತ್ತೇವೆ. ಒಡೆದ ಹಿಮ್ಮಡಿಗೂ ಒಡೆದ ಮನಸ್ಸಿಗೂ ನಾವು ಒಂದೇ ಪೆಟ್ಟಿಗೆಯಿಂದ ಪದ ತೆಗೆಯುತ್ತೇವೆ ಎಂದಾಯಿತು.

ಇನ್ನೂ ಸೊಗಸಾದ ಮಾತು ತರ್ಕಶಾಸ್ತ್ರದಲ್ಲಿದೆ. 17ನೆಯ ಶತಮಾನದ ಅನ್ನಂಭಟ್ಟ, ಎಳೆಯರಿಗೆ ಸುಲಭವಾಗಿ ತಿಳಿಯಲೆಂದು 'ತರ್ಕಸಂಗ್ರಹ' ಎಂಬ ಪುಟ್ಟ ಪುಸ್ತಕ ಬರೆದ. ನ್ಯಾಯ-ವೈಶೇಷಿಕರು ಒಪ್ಪುವ 24 ಗುಣಗಳಲ್ಲಿ ಸ್ನೇಹವೂ ಒಂದು. ಅದರ ಲಕ್ಷಣವನ್ನು ಅವನು ಹೀಗೆ ಹೇಳುತ್ತಾನೆ: ಪುಡಿಯನ್ನು ಉಂಡೆಯಾಗಿಸುವ ಗುಣವೇ ಸ್ನೇಹ, ಅದು ಇರುವುದು ನೀರಿನಲ್ಲಿ ಮಾತ್ರ. ಎಣ್ಣೆಯಲ್ಲಿಯೂ ಜಿಡ್ಡಿದೆಯಲ್ಲ ಎಂದರೆ, ಅದು ಎಣ್ಣೆಯೊಳಗಿನ ನೀರಿನ ಅಂಶದ್ದು ಎಂದು ಆ ಪಂಥದವರ ಉತ್ತರ. ಇಂದಿನ ರಸಾಯನಶಾಸ್ತ್ರ ಅದನ್ನು ಒಪ್ಪುವುದಿಲ್ಲ. ಆದರೆ ನಮಗೆ ಬೇಕಾದದ್ದು ಮೊದಲ ಮಾತು. ರಾಗಿಹಿಟ್ಟಿನ ಮೇಲೆ ಜೋರಾಗಿ ಉಸಿರುಬಿಟ್ಟರೂ ಅದು ಹಾರಿಹೋಗುತ್ತದೆ. ಅದಕ್ಕೆ ನೀರು ತಾಗಿ, ಕೈ ತಾಗಿ, ಮುದ್ದೆಯಾಗಿ ನಿಂತ ಮೇಲೆ ಗಾಳಿಗೆ ಹೆದರಬೇಕಿಲ್ಲ. ಬಿಡಿಬಿಡಿಯಾಗಿದ್ದುದನ್ನು ಒಂದಾಗಿ ನಿಲ್ಲಿಸುವುದು ಯಾವುದೋ ಅದು ಸ್ನೇಹ.

ಗಮನಿಸಿ, ಈ ಲಕ್ಷಣದಲ್ಲಿ ಮಾತಿನ ಪ್ರಸ್ತಾಪವಿಲ್ಲ. ನಗುವಿನ ಪ್ರಸ್ತಾಪವಿಲ್ಲ. ಮುದ್ದೆಯಾದ ಮೇಲೆ ನೀರು ಕಣ್ಣಿಗೂ ಕಾಣುವುದಿಲ್ಲ.

ಇದನ್ನು ಓದಿದ ಮೇಲೆ ಆ ಹುಡುಗಿಯನ್ನು ನಾನು ಬೇರೆ ರೀತಿಯಲ್ಲಿ ಕೇಳಿದೆ. 'ನಿನಗೆ ಎಷ್ಟು ಜನ ಗೆಳತಿಯರು?' ಎಂದು ಕೇಳಲಿಲ್ಲ. 'ಮಧ್ಯಾಹ್ನ ಊಟಕ್ಕೆ ಯಾರ ಜೊತೆ ಕೂರುತ್ತೀಯ?' ಎಂದೆ. ಒಬ್ಬಳ ಹೆಸರು ಹೇಳಿದಳು. 'ಅವಳೇ ಯಾಕೆ?' ಎಂದೆ. ಸ್ವಲ್ಪ ಹೊತ್ತು ಯೋಚಿಸಿ ಹೇಳಿದಳು: 'ಅವಳಿಗೆ ಮಾತಾಡುವಾಗ ತೊದಲುತ್ತದೆ ಸಾರ್. ಅವಳು ಅರ್ಧ ಹೇಳುವುದರೊಳಗೆ ಎಲ್ಲರೂ ಮಿಕ್ಕಿದ್ದನ್ನು ತಾವೇ ಹೇಳಿಬಿಡುತ್ತಾರೆ. ನಾನು ಹೇಳುವುದಿಲ್ಲ, ಕಾಯುತ್ತೇನೆ.'

ತಾಯಿಗೆ ಈ ಸಂಗತಿ ತಿಳಿದಿರಲಿಲ್ಲ. ಪ್ರಗತಿಪತ್ರದಲ್ಲಿ ಇದನ್ನು ಬರೆಯಲು ಅಂಕಣವೂ ಇರಲಿಲ್ಲ. ನಲವತ್ತು ಮಕ್ಕಳ ತರಗತಿಯಲ್ಲಿ ಒಂದು ಮಗುವಿನ ಮಾತು ಮುಗಿಯುವವರೆಗೆ ಕಾಯುವ ಇನ್ನೊಂದು ಮಗುವನ್ನು ಏನೆಂದು ಕರೆಯುವುದು? ಅನ್ನಂಭಟ್ಟನ ಲೆಕ್ಕದಲ್ಲಾದರೆ ಸಂಶಯವೇ ಇಲ್ಲ. ಉದುರಿಹೋಗಲಿದ್ದ ಒಂದು ಹಿಡಿ ಹಿಟ್ಟನ್ನು ಅವಳು ಹಿಡಿದು ನಿಲ್ಲಿಸಿದ್ದಾಳೆ.

ಎಣ್ಣೆಗೆ ಇನ್ನೊಂದು ಕೆಲಸವೂ ಇದೆ. ಎತ್ತಿನ ಗಾಡಿ ಕಂಡವರಿಗೆ ಕೀಲೆಣ್ಣೆ ಗೊತ್ತು. ಚಕ್ರಕ್ಕೂ ಅಚ್ಚಿಗೂ ನಡುವೆ ಅದಿಲ್ಲದಿದ್ದರೆ ಗಾಡಿ ಊರಿಗೆಲ್ಲ ಕೇಳುವಂತೆ ಕಿರುಗುಟ್ಟುತ್ತದೆ, ಅಚ್ಚು ಸವೆಯುತ್ತದೆ. ಅವಿಭಕ್ತ ಕುಟುಂಬಗಳಲ್ಲಿ ಇಂಥ ಕೀಲೆಣ್ಣೆಯಂಥವರು ಒಬ್ಬರಾದರೂ ಇರುತ್ತಿದ್ದರು. ಅತ್ತೆಯ ಮಾತನ್ನು ಸೊಸೆಗೆ ಮುಟ್ಟಿಸುವಾಗ ಅದರ ಮುಳ್ಳು ತೆಗೆದು ಮುಟ್ಟಿಸುವ ಒಬ್ಬ ಚಿಕ್ಕಮ್ಮ, ಅಣ್ಣತಮ್ಮಂದಿರ ಪಾಲಿನ ಮಾತು ಬಿಸಿಯಾದಾಗ 'ಮೊದಲು ಊಟ ಆಗಲಿ' ಎನ್ನುವ ಒಬ್ಬ ಮಾವ. ಅವರು ಇದ್ದಾಗ ಯಾರೂ ಅವರನ್ನು ಗಮನಿಸುವುದಿಲ್ಲ. ಅವರು ಹೋದ ವರ್ಷವೇ ಮನೆಯ ಚಕ್ರಗಳೆಲ್ಲ ಸದ್ದು ಮಾಡಲು ಶುರು.

ಹಾಗೆಂದು ಎಣ್ಣೆ ಹೆಚ್ಚಾದರೆ ಒಳ್ಳೆಯದೇ? ಅಲ್ಲ. ಜಿಡ್ಡು ಕೈಗೆ ಮೆತ್ತಿಕೊಂಡರೆ ಯಾವ ವಸ್ತುವೂ ಹಿಡಿತಕ್ಕೆ ಸಿಗುವುದಿಲ್ಲ. ಕೆಲಸವಾಗಬೇಕಾದಾಗ ಮಾತ್ರ ಹತ್ತಿರ ಬಂದು ಹೊಗಳುವವರನ್ನು 'ಬೆಣ್ಣೆ ಹಚ್ಚುತ್ತಾನೆ' ಎಂದು ನಮ್ಮವರು ಸರಿಯಾಗಿಯೇ ಗುರುತಿಸಿದ್ದಾರೆ. ಅದೂ ಜಿಡ್ಡೇ, ಆದರೆ ಜಾರಿಸುವ ಜಿಡ್ಡು. ಇನ್ನು ಒಬ್ಬರನ್ನೊಬ್ಬರು ಕಂಡರಾಗದವರಿಗೆ 'ಎಣ್ಣೆ-ಸೀಗೆಕಾಯಿ ಸಂಬಂಧ' ಎನ್ನುತ್ತೇವೆ. ಒಂದು ಅಂಟಿಕೊಳ್ಳುವುದು, ಇನ್ನೊಂದು ಅದನ್ನು ತೊಳೆದು ಹಾಕುವುದು. ಭಾನುವಾರದ ಅಭ್ಯಂಜನದಲ್ಲಿ ಕಣ್ಣುರಿಸಿಕೊಂಡ ಮಗುವಿಗೂ ಅರ್ಥವಾಗುವ ಹೋಲಿಕೆ ಇದು.

ಈ ಅಂಟುವ ಕಲ್ಪನೆ ಸಂಸ್ಕೃತದಿಂದಲೇ ನಮಗೆ ಬರಬೇಕಿತ್ತೆಂದೇನೂ ಇಲ್ಲ. ಕನ್ನಡದ ಬಾಯಲ್ಲಿ 'ಅಂಟು-ನಂಟು' ಎಂಬ ಜೋಡಿಯೇ ಇದೆ. ಎರಡಕ್ಕೂ ಬೇರು ಒಂದೇ ಅಲ್ಲ, ಆದರೆ ಕನ್ನಡಿಗರ ನಾಲಗೆ ಅವನ್ನು ಜೊತೆಗೂಡಿಸಿದೆ. 'ನಂಟು' ಅಚ್ಚ ದ್ರಾವಿಡ ಪದ. ಹಳಗನ್ನಡದ 'ನಣ್ಪು', ತಮಿಳಿನಲ್ಲಿ ಗೆಳೆತನಕ್ಕೆ ಹೇಳುವ 'ನಟ್ಪು' ಅದರ ಒಡಹುಟ್ಟುಗಳು. 'ನೆಂಟ' ಬಂದದ್ದೂ ಅಲ್ಲಿಂದಲೇ. ಹಾಗೆ ನೋಡಿದರೆ ನೆಂಟನೂ ಗೆಳೆಯನೂ ಮೊದಲಿಗೆ ಬೇರೆಯಾಗಿರಲಿಲ್ಲ. 'ಗೆಳೆಯ' ಎಂಬ ಪದ ಹಳಗನ್ನಡದಲ್ಲಿ 'ಕೆಳೆಯ' ಆಗಿತ್ತು. 'ಕೆಳೆ' ಎಂದರೆ ಗೆಳೆತನ. ತಮಿಳಿನ 'ಕೇಳ್' ಇದರ ಬಳಗ, ಅದಕ್ಕೆ ಬಂಧು ಎಂಬ ಅರ್ಥವೂ ಉಂಟು, ಸ್ನೇಹಿತ ಎಂಬ ಅರ್ಥವೂ ಉಂಟು. ಸಂಸ್ಕೃತದ 'ಸ್ನೇಹ'ವನ್ನು ಕೂಡ ಕನ್ನಡಿಗರು ಹಾಗೆಯೇ ಬಿಡಲಿಲ್ಲ. ನಾಲಗೆಗೆ ತೊಡಕಾದ ಒತ್ತನ್ನು ತೆಗೆದು 'ನೇಹ' ಎಂದು ಮೆದು ಮಾಡಿಕೊಂಡರು. ಸ್ನೇಹಕ್ಕೂ ಒಂದಿಷ್ಟು ಎಣ್ಣೆ ಸವರಿದರು ಎನ್ನೋಣ.

'ಮಿತ್ರ'ನ ಕಥೆ ಬೇರೆ. ವೇದದಲ್ಲಿ ಮಿತ್ರ ಒಬ್ಬ ದೇವತೆ, ವರುಣನ ಜೊತೆಗಾರ. ಇರಾನಿನ ಪ್ರಾಚೀನ ಭಾಷೆಯಲ್ಲಿ ಇದೇ ಪದಕ್ಕೆ ಒಪ್ಪಂದ ಎಂಬ ಅರ್ಥವಿತ್ತು. ಈಗಿನ ಟರ್ಕಿಯ ಬೊಗಾಜ್‌ಕಾಯ್ ಎಂಬಲ್ಲಿ ಸಿಕ್ಕ ಕ್ರಿ.ಪೂ. 14ನೆಯ ಶತಮಾನದ ಮಣ್ಣಿನ ಫಲಕಗಳಲ್ಲಿ, ಹಿಟ್ಟೈಟ್ ಮತ್ತು ಮಿತಾನ್ನಿ ದೊರೆಗಳ ಒಡಂಬಡಿಕೆಗೆ ಸಾಕ್ಷಿಗಳಾಗಿ ಕರೆದ ದೇವತೆಗಳ ನಡುವೆ ಮಿತ್ರನ ಹೆಸರೂ ಇದೆ. ಮಿತ್ರನೆಂದರೆ ಕೊಟ್ಟ ಮಾತಿಗೆ ಕಾವಲಿರುವವನು. ವಿದ್ಯಾರ್ಥಿಗಳು ನೆನಪಿಡಬೇಕಾದ ಒಂದು ಸಂಗತಿ: 'ವಿಶ್ವಾಮಿತ್ರ' ಎಂಬುದನ್ನು 'ವಿಶ್ವ + ಅಮಿತ್ರ' ಎಂದು ಬಿಡಿಸಿ ಪಾಪ ಆ ಋಷಿಯನ್ನು ಜಗತ್ತಿನ ಶತ್ರುವಾಗಿಸಬೇಡಿ. ಋಷಿಯ ಹೆಸರಾದಾಗ 'ವಿಶ್ವ'ದ ಕೊನೆಯ ಸ್ವರ ದೀರ್ಘವಾಗುತ್ತದೆ ಎಂದು ಪಾಣಿನಿ ಒಂದು ಸೂತ್ರವನ್ನೇ ಮಾಡಿಟ್ಟಿದ್ದಾನೆ. ಆತ ವಿಶ್ವದ ಮಿತ್ರನೇ.

ನಮ್ಮ ಮಕ್ಕಳು ದಿನಕ್ಕೆ ನೂರು ಸಲ ಹೇಳುವ 'ಫ್ರೆಂಡ್' ಕೂಡ ಪರಕೀಯನಲ್ಲ. ಹಳೆಯ ಇಂಗ್ಲಿಷಿನಲ್ಲಿ ಪ್ರೀತಿಸು ಎಂಬ ಅರ್ಥದ ಕ್ರಿಯಾಪದದಿಂದ ಹುಟ್ಟಿದ ಪದ ಅದು. ಸಂಸ್ಕೃತದ 'ಪ್ರಿಯ'ದ ದೂರದ ದಾಯಾದಿ. 'ಕಂಪ್ಯಾನಿಯನ್' ಎಂಬ ಪದದೊಳಗೆ ಲ್ಯಾಟಿನ್ನಿನ 'ಪಾನಿಸ್', ಎಂದರೆ ರೊಟ್ಟಿ, ಅಡಗಿದೆ. ಜೊತೆಗೆ ಕೂತು ರೊಟ್ಟಿ ತಿಂದವನು ಸಂಗಾತಿ. ಊಟಕ್ಕೆ ಯಾರ ಜೊತೆ ಕೂರುತ್ತೀಯ ಎಂದು ನಾನು ಕೇಳಿದ ಪ್ರಶ್ನೆ ಅಷ್ಟೇನೂ ಹೊಸದಲ್ಲ ಎಂದು ಆಮೇಲೆ ತಿಳಿಯಿತು.

ಇನ್ನು ಪದದ ಉತ್ತರಾರ್ಧ, 'ಜೀವಿ'. ಶ್ರಮಜೀವಿ ಎಂದರೆ ಶ್ರಮದಿಂದ ಬದುಕುವವನು, ಬುದ್ಧಿಜೀವಿ ಎಂದರೆ ಬುದ್ಧಿಯನ್ನು ನಂಬಿ ಬದುಕುವವನು. ಸ್ನೇಹಜೀವಿಗೆ ಸ್ನೇಹವೇ ಜೀವನಾಧಾರ. ಇಲ್ಲಿ ನಾವು ಒಂದು ಗೊಂದಲ ಮಾಡಿಕೊಳ್ಳುತ್ತೇವೆ. 'ಸಂಘಜೀವಿ' ಎಂಬ ಇನ್ನೊಂದು ಪದವಿದೆ. ಮನುಷ್ಯ ಸಂಘಜೀವಿ ಎಂದು ಸಮಾಜವಿಜ್ಞಾನದ ಪಾಠದಲ್ಲಿ ಎಲ್ಲರೂ ಓದಿದ್ದೇವೆ. ಗುಂಪಿನಲ್ಲಿ ಇರುವುದು ಸಂಘಜೀವಿಯ ಲಕ್ಷಣ, ಇರುವೆಗಳೂ ಸಂಘಜೀವಿಗಳೇ. ಗುಂಪಿನಲ್ಲಿ ಎದ್ದು ಕಾಣುವ ಮಗುವನ್ನು ನಾವು ಸ್ನೇಹಜೀವಿ ಎನ್ನುತ್ತೇವೆ, ಗುಂಪಿನಿಂದ ಒಂದು ಹೆಜ್ಜೆ ಹಿಂದೆ ನಿಲ್ಲುವ ಮಗುವಿಗೆ ಆ ಪದ ಕೊಡುವುದಿಲ್ಲ. ಒಂದು ಪದಕ್ಕೆ ಸಲ್ಲಬೇಕಾದ್ದನ್ನು ಇನ್ನೊಂದು ಪದಕ್ಕೆ ಸಲ್ಲಿಸುತ್ತಿದ್ದೇವೆ.

ನನ್ನ ತಂದೆಯನ್ನು ಯಾರೂ ಸ್ನೇಹಜೀವಿ ಎಂದು ಕರೆದದ್ದನ್ನು ನಾನು ಕೇಳಿಲ್ಲ. ಅವರ ಮಾತು ಬಲು ಕಡಿಮೆ. ನೆಂಟರು ಬಂದರೆ 'ಬನ್ನಿ', ಹೊರಟರೆ 'ಆಗಲಿ', ಇಷ್ಟರಲ್ಲಿ ಮುಗಿಯುತ್ತಿತ್ತು. ನಮ್ಮ ಊರಿನಲ್ಲಿ ಒಬ್ಬರಿಗೆ ಬೆಳೆದ ಮಗ ತೀರಿಹೋದ. ಮೊದಲ ಹದಿನೈದು ದಿನ ಅವರ ಮನೆಯ ತುಂಬ ಜನ. ಸಮಾಧಾನದ ಮಾತುಗಳು, ವಿಧಿಯ ಮಾತುಗಳು. ಆಮೇಲೆ ಎಲ್ಲರಿಗೂ ಅವರವರ ಹೊಲ, ಅವರವರ ಕೆಲಸ. ಜನ ಬರುವುದು ನಿಂತ ಮೇಲೆ ನಮ್ಮ ತಂದೆ ಹೋಗಲು ಶುರುಮಾಡಿದರು. ದಿನವೂ ಸಂಜೆ ದೀಪ ಹಚ್ಚುವ ಹೊತ್ತಿಗೆ ಆ ಮನೆಯ ಜಗಲಿಯ ಮೇಲೆ ಹೋಗಿ ಕೂರುವುದು. ಇಬ್ಬರ ನಡುವೆ ಎಲೆಯಡಿಕೆಯ ತಟ್ಟೆ. ಮಾತಿಲ್ಲ. ಒಂದು ಗಂಟೆ ಕೂತು ಎದ್ದು ಬರುವುದು. ಒಂದೆರಡು ಸಲ ನಾನೂ ಹಿಂದೆ ಹೋಗಿ, ಬೇಸರವಾಗಿ ಓಡಿ ಬಂದಿದ್ದೆ. ಇದು ಒಂದು ಮಳೆಗಾಲದಿಂದ ಮುಂದಿನ ಮಳೆಗಾಲದವರೆಗೆ ನಡೆಯಿತು ಎಂದು ಅಮ್ಮ ಹೇಳುತ್ತಿದ್ದರು.

ಸಂಸ್ಕೃತದ ಕವಿಗಳಿಗೆ ಸ್ನೇಹ ಎಂಬ ಪದದ ಎರಡು ಅರ್ಥಗಳ ಜೊತೆ ಆಟವಾಡುವುದೆಂದರೆ ಬಲು ಪ್ರೀತಿ. ದೀಪ ಉರಿಯುವುದು ಸ್ನೇಹ ಇರುವವರೆಗೆ, ಸ್ನೇಹ ತೀರಿದರೆ ದೀಪ ನಂದುತ್ತದೆ ಎಂಬಂಥ ಶ್ಲೇಷೆಗಳು ಅಲ್ಲಿ ಬೇಕಾದಷ್ಟಿವೆ. ನಾವು ನೋಡುವುದು ಬೆಳಕನ್ನು, ಎಣ್ಣೆಯನ್ನಲ್ಲ. ಎಣ್ಣೆಯನ್ನು ನೆನೆಯುವುದು ದೀಪ ಮಂಕಾದಾಗ ಮಾತ್ರ.

ನಮ್ಮ ಪಂಪನೂ ಇದನ್ನು ಬಲ್ಲವನು. ಕರ್ಣ ದುರ್ಯೋಧನನ ಸ್ನೇಹವನ್ನು ನೆನೆಸಿಕೊಳ್ಳುವ ಪ್ರಸಂಗ ಕಾಲೇಜಿನ ಮಕ್ಕಳಿಗೆ ಗೊತ್ತಿರಬೇಕು. ಭಾನುಮತಿಯೊಡನೆ ಪಗಡೆಯಾಡುವಾಗ ಅವಳ ಮುತ್ತಿನ ಹಾರ ಹರಿಯುತ್ತದೆ. ಅದನ್ನು ಕಂಡ ದುರ್ಯೋಧನ ಸಿಡುಕಲಿಲ್ಲ, ಅನುಮಾನಪಡಲಿಲ್ಲ. ಚೆಲ್ಲಿದ ಮುತ್ತುಗಳನ್ನು ಆಯ್ದುಕೊಡಲೇ ಎಂದು ಕೇಳಿದ. ಕರ್ಣನಿಗೆ ಅವನನ್ನು ಬಿಟ್ಟುಹೋಗಲಾಗದಂತೆ ಮಾಡಿದ್ದು ಕೊಟ್ಟ ಅಂಗರಾಜ್ಯ ಒಂದೇ ಅಲ್ಲ, ಈ ಒಂದು ಮಾತೂ ಹೌದು.

ಇಂದಿನ ಮಕ್ಕಳ ಕಷ್ಟವೇನೆಂದರೆ, ಸ್ನೇಹವನ್ನೂ ಅಂಕಗಳಂತೆ ಎಣಿಸಬೇಕಾಗಿದೆ. ಫೇಸ್‌ಬುಕ್ ಒಬ್ಬರಿಗೆ 5,000 'ಸ್ನೇಹಿತ'ರ ಮಿತಿ ಇಟ್ಟಿದೆ. 'ಅನ್‌ಫ್ರೆಂಡ್' ಎಂಬ ಕ್ರಿಯಾಪದ ಅಮೆರಿಕದ ಆಕ್ಸ್‌ಫರ್ಡ್ ನಿಘಂಟಿನವರಿಗೆ 2009ರ ವರ್ಷದ ಪದವಾಗಿತ್ತು. ಎಣ್ಣೆ ಹಚ್ಚುವುದಕ್ಕೂ ತೊಳೆಯುವುದಕ್ಕೂ ಒಂದೊಂದು ಗುಂಡಿ ಒತ್ತಿದರೆ ಸಾಕು. ಆದರೆ ಮನುಷ್ಯನ ಮೆದುಳು ಅಷ್ಟು ಬೇಗ ಬದಲಾಗುವುದಿಲ್ಲ. ಬ್ರಿಟನ್ನಿನ ವಿಜ್ಞಾನಿ ರಾಬಿನ್ ಡನ್‌ಬಾರ್ 1990ರ ದಶಕದಲ್ಲಿ, ಒಬ್ಬ ಮನುಷ್ಯ ನಿಜವಾದ ಸಂಬಂಧವಿಟ್ಟುಕೊಳ್ಳಬಲ್ಲ ಜನರ ಸಂಖ್ಯೆ ಸುಮಾರು 150 ಎಂದು ಅಂದಾಜು ಮಾಡಿದರು. ಅದರಲ್ಲೂ ತೀರ ಹತ್ತಿರದವರು ಐದು ಮಂದಿ. ಈ ಲೆಕ್ಕವನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಸಂಖ್ಯೆ ಹೆಚ್ಚುಕಡಿಮೆಯಾಗಬಹುದು, ಆದರೆ ಕಷ್ಟಕಾಲದಲ್ಲಿ ಯಾರ ಮನೆಯ ಬಾಗಿಲು ತಟ್ಟಬಹುದು ಎಂದು ಬೆರಳು ಮಡಚಿ ನೋಡಿದರೆ ಒಂದು ಕೈ ಸಾಕಾಗುತ್ತದೆ ಎಂಬುದು ನಮ್ಮ ನಿಮ್ಮೆಲ್ಲರ ಅನುಭವ.

'ಇಂಟ್ರೋವರ್ಟ್', 'ಎಕ್ಸ್‌ಟ್ರೋವರ್ಟ್' ಎಂಬ ಮಾತುಗಳೂ ಈಗ ಮನೆಮನೆಯಲ್ಲಿ ಕೇಳುತ್ತವೆ. ಇವುಗಳಿಗೆ ಪ್ರಚಾರ ಕೊಟ್ಟದ್ದು ಸ್ವಿಟ್ಜರ್‌ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್‌ನ 1921ರ ಪುಸ್ತಕ. ಅವನು ಹೇಳಿದ್ದು ಮನಸ್ಸಿನ ಶಕ್ತಿ ಒಳಮುಖವಾಗಿ ಹರಿಯುತ್ತದೆಯೋ ಹೊರಮುಖವಾಗಿಯೋ ಎಂಬುದನ್ನು. ಒಂದು ಸರಿ, ಇನ್ನೊಂದು ರೋಗ ಎಂದು ಅವನೇನೂ ಹೇಳಲಿಲ್ಲ. ಅಂತರ್ಮುಖಿಗೆ ಸ್ನೇಹ ಬೇಡ ಎಂದೂ ಹೇಳಲಿಲ್ಲ.

ತಂದೆತಾಯಿಯರಿಗೆ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ನಗುನಗುತ್ತಿದ್ದ ಮಗು ಇದ್ದಕ್ಕಿದ್ದಂತೆ ಮಂಕಾದರೆ, ಶಾಲೆಗೆ ಹೋಗಲು ಹೆದರಿದರೆ, ಊಟ ನಿದ್ದೆ ಕೆಟ್ಟರೆ ಅದನ್ನು 'ಸ್ವಭಾವ' ಎಂದು ಬಿಟ್ಟುಬಿಡಬಾರದು. ಕೂತು ಕೇಳಬೇಕು, ಶಿಕ್ಷಕರೊಡನೆ ಮಾತನಾಡಬೇಕು, ಬೇಕಾದರೆ ವೈದ್ಯರನ್ನು ಕಾಣಬೇಕು. ಅದು ಎಣ್ಣೆ ಒಣಗುತ್ತಿರುವ ಸೂಚನೆ. ಮೊದಲಿನಿಂದ ಮೌನಿಯಾಗಿದ್ದು, ತನ್ನಷ್ಟಕ್ಕೆ ನೆಮ್ಮದಿಯಾಗಿರುವ ಮಗುವಿನ ವಿಷಯ ಬೇರೆ.

ಆ ತಾಯಿ ಮಗಳನ್ನು ವ್ಯಕ್ತಿತ್ವ ವಿಕಸನದ ಕ್ಲಾಸಿಗೆ ಸೇರಿಸಲಿಲ್ಲ. ಬದಲಿಗೆ ಆ ಗೆಳತಿಯನ್ನು ಒಂದು ಭಾನುವಾರ ಊಟಕ್ಕೆ ಕರೆದರು. ಅಷ್ಟರಿಂದ ಪ್ರಗತಿಪತ್ರದ ಷರಾ ಬದಲಾಯಿತೋ ಇಲ್ಲವೋ ನಾನು ಕೇಳಲು ಹೋಗಿಲ್ಲ.

ವಿದ್ಯಾರ್ಥಿಗಳೇ, ಮುಂದಿನ ಸಲ ಪ್ರಬಂಧದಲ್ಲಿ 'ಅವರು ಸ್ನೇಹಜೀವಿಯಾಗಿದ್ದರು' ಎಂದು ಬರೆಯುವಾಗ ಒಂದು ಗಳಿಗೆ ಪೆನ್ನು ನಿಲ್ಲಿಸಿ. ಅವರು ಯಾವ ಪುಡಿಯನ್ನು ಉಂಡೆ ಮಾಡಿದರು, ಯಾವ ಅಚ್ಚಿನ ಸವೆತ ತಪ್ಪಿಸಿದರು, ಯಾರ ಜಗಲಿಯ ಮೇಲೆ ಸುಮ್ಮನೆ ಕೂತಿದ್ದರು ಎಂದು ಕೇಳಿಕೊಳ್ಳಿ. ಉತ್ತರ ಹೊಳೆದರೆ ಅದನ್ನೇ ಬರೆಯಿರಿ. ತಂದೆತಾಯಿಯರಿಗೂ ನನ್ನದೊಂದು ಸಣ್ಣ ಬೇಡಿಕೆ: ಮಗು ಶಾಲೆಯಿಂದ ಬಂದಾಗ ಎಷ್ಟು ಅಂಕ, ಎಷ್ಟು ಗೆಳೆಯರು ಎಂದು ಕೇಳುವ ಮೊದಲು, ಇವತ್ತು ಊಟಕ್ಕೆ ಯಾರ ಜೊತೆ ಕೂತಿದ್ದೆ ಎಂದು ಕೇಳಿ. ಕೇಳಿದ ಮೇಲೆ, ಅದು ಉತ್ತರ ಹೇಳಿ ಮುಗಿಸುವವರೆಗೆ ಕಾಯಿರಿ.